ಹೋರಾಟದಿಂದ ಆಡಳಿತಕ್ಕೆ: ಎಸ್. ನಿಜಲಿಂಗಪ್ಪನವರ ಸಾರ್ವಜನಿಕ ಜೀವನ



ಸ್ವಾತಂತ್ರ್ಯ ಹೋರಾಟದಲ್ಲಿ ಇದ್ದವರು ಮುಂದೆ ಅಧಿಕಾರಕ್ಕೆ ಬಂದ ಕತೆಯನ್ನು ನಮ್ಮಲ್ಲಿ ಎರಡು ಬಗೆಯಾಗಿ ಹೇಳುವ ರೂಢಿಯಿದೆ. ಜೈಲು ಕಂಡವರಿಗೆ ಕುರ್ಚಿ ತಕ್ಕ ಫಲವಾಗಿ ಬಂತು ಎಂಬುದು ಒಂದು. ಕುರ್ಚಿ ಬಂದ ಮೇಲೆ ಹೋರಾಟದ ತೇಜಸ್ಸು ಕುಂದಿತು ಎಂಬುದು ಇನ್ನೊಂದು. ಎರಡೂ ಹೇಳಲು ಸುಲಭ. ಆದರೆ ಚಳವಳಿಯಲ್ಲಿ ಕಲಿತದ್ದರಲ್ಲಿ ಆಡಳಿತಕ್ಕೆ ಯಾವುದು ಉಪಯೋಗಕ್ಕೆ ಬಂತು, ಯಾವುದು ಅಡ್ಡಿಯಾಯಿತು ಎಂಬ ಪ್ರಶ್ನೆಗೆ ಇವೆರಡರಲ್ಲೂ ಉತ್ತರವಿಲ್ಲ. ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರ ಬದುಕನ್ನು ಮುಂದಿಟ್ಟುಕೊಂಡು ಆ ಪ್ರಶ್ನೆಯನ್ನು ತಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಅವರ ದೊಡ್ಡ ಸಾಧನೆ ರಾಜ್ಯವನ್ನು ಪಡೆದುದಕ್ಕಿಂತ ಹೆಚ್ಚಾಗಿ, ಪಡೆದ ರಾಜ್ಯವನ್ನು ಒಡೆಯದಂತೆ ಜೋಡಿಸಿದ್ದು. ಆ ಜೋಡಣೆಗೆ ಬೇಕಾದ ತಾಳ್ಮೆ, ಹೊಂದಾಣಿಕೆಗಳೇ ಅವರ ಮಿತಿಗಳಿಗೂ ಕಾರಣವಾದವು.

ಈ ವಿಷಯವನ್ನು ಕುಪ್ಪೇಲೂರಿನಲ್ಲಿ ಮಾತನಾಡುವುದಕ್ಕೆ ಅರ್ಥವಿದೆ. ಸ್ವಾತಂತ್ರ್ಯಕ್ಕಿಂತ ಮುಂಚೆ ಈ ಊರಿರುವ ರಾಣೇಬೆನ್ನೂರು ತಾಲ್ಲೂಕು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ತೆಂಕಣ ಅಂಚು. ತುಂಗಭದ್ರೆ ದಾಟಿದರೆ ಹರಪನಹಳ್ಳಿ ಸೀಮೆ. ಅದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಹರಿಹರಕ್ಕೆ ಹೋದರೆ ಮೈಸೂರು ಮಹಾರಾಜರ ಆಳ್ವಿಕೆ. ಒಂದೇ ನದಿಯ ನೀರು ಕುಡಿದು, ಒಂದೇ ಮಾತು ಆಡಿ, ಒಬ್ಬರ ಮನೆಯಿಂದ ಇನ್ನೊಬ್ಬರು ಹೆಣ್ಣು ತರುವ ಜನ ಮೂರು ಸರಕಾರಗಳಿಗೆ ಕಂದಾಯ ಕಟ್ಟುತ್ತಿದ್ದರು. ಇಲ್ಲಿ ಮಾಮಲೇದಾರ, ಅಲ್ಲಿ ತಹಶೀಲ್ದಾರ, ಮತ್ತೊಂದೆಡೆ ಅಮಲ್ದಾರ. ಇಲ್ಲಿಯ ಮೇಲಿನ ಕಚೇರಿಗಳಲ್ಲಿ ಮರಾಠಿಯ ಒತ್ತು, ಹೊಳೆಯಾಚೆ ತೆಲುಗು ತಮಿಳುಗಳ ಒತ್ತು. ಕನ್ನಡ ನಾಡು ಹರಿದು ಹಂಚಿಹೋಗಿತ್ತು ಎಂದು ಪಠ್ಯಪುಸ್ತಕಗಳು ಹೇಳುವ ಮಾತನ್ನು ಈ ಸೀಮೆಯವರು ಸಂತೆಗೆ ಹೋಗಿ ಬರುವಾಗಲೇ ಕಾಣುತ್ತಿದ್ದರು.

ನಿಜಲಿಂಗಪ್ಪನವರು 1902ರ ಡಿಸೆಂಬರ್ 10ರಂದು ಹುಟ್ಟಿದ್ದು ಹೊಳೆಯಾಚೆಯ ಹರಪನಹಳ್ಳಿ ಸೀಮೆಯ ಹಲುವಾಗಲಿನಲ್ಲಿ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ. ಹುಟ್ಟಿದ್ದು ಮದರಾಸು ಪ್ರಾಂತದಲ್ಲಿ. ಶಾಲೆಗೆ ಹೋದದ್ದು ಮೈಸೂರು ಸಂಸ್ಥಾನದ ದಾವಣಗೆರೆ, ಚಿತ್ರದುರ್ಗಗಳಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ 1924ರಲ್ಲಿ ಪದವಿ. ಕಾನೂನು ಓದಿದ್ದು ಮುಂಬಯಿ ಪ್ರಾಂತದ ಪುಣೆಯಲ್ಲಿ, 1926ರವರೆಗೆ. ಅನಂತರ ಚಿತ್ರದುರ್ಗದಲ್ಲಿ ವಕೀಲಿ. ಇಪ್ಪತ್ನಾಲ್ಕು ವಯಸ್ಸಾಗುವ ಹೊತ್ತಿಗೆ ಅವರು ಮೂರೂ ಆಡಳಿತಗಳ ನೆಲದಲ್ಲಿ ಬಾಳಿ ನೋಡಿದ್ದರು. ಏಕೀಕರಣದ ವಿಚಾರ ಆಲೂರು ವೆಂಕಟರಾಯರಂಥವರಿಗೆ ಇತಿಹಾಸದ ದರ್ಶನವಾಗಿ ಬಂತು. 1917ರ ‘ಕರ್ನಾಟಕ ಗತವೈಭವ’ ಆ ದರ್ಶನದ ಫಲ. ನಿಜಲಿಂಗಪ್ಪನವರಿಗೆ ಅದು ನಿತ್ಯದ ತೊಡಕಿನಿಂದ ಬಂತು ಎಂದು ನನಗೆ ತೋರುತ್ತದೆ. ಅವರ ಮುಂದಿನ ಭಾಷಣಗಳಲ್ಲಿ ಗತವೈಭವದ ಉಬ್ಬರ ಕಡಿಮೆ, ಆಡಳಿತದ ಅನುಕೂಲ ಅನನುಕೂಲಗಳ ಲೆಕ್ಕ ಹೆಚ್ಚು. ಅವರ ಸ್ವಭಾವದ ಕೀಲಿ ಇಲ್ಲಿದೆ.

ಮಹನೀಯರೆ, ಇಲ್ಲಿ ಕಾಂಗ್ರೆಸ್ಸಿನ ಸಂಘಟನೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ವ್ಯಕ್ತಿಗಳ ಕತೆ ಹೇಳುವಾಗ ಸಂಸ್ಥೆಗಳನ್ನು ಮರೆಯುವುದು ನಮ್ಮ ಜೀವನಚರಿತ್ರೆಗಳ ಹಳೆಯ ದೋಷ. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ತನ್ನ ಪ್ರಾಂತ ಸಮಿತಿಗಳನ್ನು ಭಾಷೆಯ ಆಧಾರದ ಮೇಲೆ ರಚಿಸಲು ನಿರ್ಧರಿಸಿತು. ಹಾಗೆ ಹುಟ್ಟಿದ ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿ ಬ್ರಿಟಿಷರು ಎಳೆದ ಗೆರೆಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಸರಕಾರದ ನಕಾಶೆಯಲ್ಲಿ ಕನ್ನಡ ನಾಡು ಒಂದಾಗುವುದಕ್ಕೆ 36 ವರ್ಷ ಮೊದಲೇ ಚಳವಳಿಯ ನಕಾಶೆಯಲ್ಲಿ ಕರ್ನಾಟಕವಿತ್ತು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಅಧಿವೇಶನದ ಹೊತ್ತಿಗೆ ಅಲ್ಲಿಯೇ ಏಕೀಕರಣದ ಪರಿಷತ್ತೂ ಸೇರಿತು. ಧಾರವಾಡದ ವಕೀಲ, ಮಂಗಳೂರಿನ ವ್ಯಾಪಾರಿ, ಬಳ್ಳಾರಿಯ ಶಿಕ್ಷಕ ಒಂದೇ ಸಮಿತಿಯಲ್ಲಿ ಕುಳಿತು ಠರಾವು ಬರೆಯುವ ಅಭ್ಯಾಸ ಅಲ್ಲಿ ಬೆಳೆಯಿತು. ಹಕ್ಕು ಕೇಳುವುದನ್ನು ಚಳವಳಿ ಎಲ್ಲರಿಗೂ ಕಲಿಸಿತು. ಕೂಡಿ ಕೆಲಸ ನಡೆಸುವುದನ್ನು ಕಲಿಸಿದ್ದು ಈ ಸಮಿತಿ. ನಿಜಲಿಂಗಪ್ಪನವರು 1930ರ ದಶಕದ ನಡುವಿನಲ್ಲಿ ಸೇವಾದಳದ ನಾ.ಸು. ಹರ್ಡೀಕರರ ಸಂಪರ್ಕದಿಂದ ಪ್ರವೇಶ ಪಡೆದದ್ದು ಈ ಶಾಲೆಗೆ.

ಸಂಸ್ಥಾನದ ಹೋರಾಟಕ್ಕೆ ಬೇರೆಯೇ ಕಷ್ಟವಿತ್ತು. ಬ್ರಿಟಿಷ್ ಪ್ರಾಂತದಲ್ಲಿ ಎದುರಾಳಿ ಪರಕೀಯ ಸರಕಾರ. ಮೈಸೂರಿನಲ್ಲಿ ಎದುರಾಳಿ ಜನ ಗೌರವದಿಂದ ಕಾಣುತ್ತಿದ್ದ ಅರಸರ ಹೆಸರಿನ ಆಡಳಿತ. 1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ, ಅದೇ ತಿಂಗಳ 25ರಂದು ವಿದುರಾಶ್ವತ್ಥದ ಗೋಲೀಬಾರು ಆ ಆಡಳಿತದ ಇನ್ನೊಂದು ಮುಖವನ್ನು ತೋರಿಸಿದವು. ಮರುವರ್ಷ, 1939ರಲ್ಲಿ, ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಈಚಲು ಮರ ಕಡಿಯುವ ಅರಣ್ಯ ಸತ್ಯಾಗ್ರಹ ನಡೆಯಿತು. ನಿಜಲಿಂಗಪ್ಪನವರು ಅದರ ಮುಂದಾಳು. ಈಚಲು ಹೆಂಡದ ಮೂಲ. ಹೆಂಡ ಸರಕಾರದ ಆದಾಯದ ಮೂಲ. ಒಂದು ಕೊಡಲಿ ಏಟಿಗೆ ಅರಣ್ಯ ಕಾಯಿದೆಯ ಭಂಗವೂ ಆಯಿತು, ಪಾನವಿರೋಧವೂ ಆಯಿತು, ಬೊಕ್ಕಸಕ್ಕೆ ಪೆಟ್ಟೂ ಬಿತ್ತು. ರೈತರು ತಮ್ಮ ಕೈಯ ಹತಾರದಿಂದಲೇ ಪಾಲ್ಗೊಳ್ಳಬಹುದಾದ ಹೋರಾಟವದು. ವಕೀಲರೊಬ್ಬರು ಇದನ್ನು ಆರಿಸಿಕೊಂಡರು ಎಂಬುದನ್ನು ನಾವು ಗಮನಿಸಬೇಕು. ಅದರ ಬೆಲೆಯನ್ನು ಅವರು ಸೆರೆಮನೆಯಲ್ಲಿ ತೆತ್ತರು. 1942ರ ಚಳವಳಿಯಲ್ಲಿ ಮತ್ತೆ ಸೆರೆವಾಸ.

ಈ ಸೀಮೆಯಲ್ಲಿ ನಿಂತು 1942ನ್ನು ನೆನೆಯುವಾಗ ಮೈಲಾರ ಮಹಾದೇವಪ್ಪನವರ ಹೆಸರು ಹೇಳದೆ ಮುಂದೆ ಹೋಗಲಾಗದು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನವರು. 1911ರಲ್ಲಿ ಹುಟ್ಟಿ, ಹದಿನೆಂಟರ ಹರೆಯದಲ್ಲಿ ಗಾಂಧೀಜಿಯೊಡನೆ ದಾಂಡಿಗೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರಕಾರದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರೊಡನೆ ಗುಂಡಿಗೆ ಬಲಿಯಾದರು. ಮಹಾದೇವಪ್ಪನವರು ಬದುಕಿದ್ದರೆ ಯಾವ ರಾಜಕಾರಣಿಯಾಗುತ್ತಿದ್ದರು ಎಂದು ಕೇಳುವ ಹಕ್ಕು ನಮಗಿಲ್ಲ. ಆದರೆ ಒಂದು ಮಾತು ಹೇಳಬಹುದು. ಹುತಾತ್ಮನ ಬದುಕು ಅಲ್ಲಿಗೆ ಪೂರ್ಣ. ಅದರ ಮೇಲೆ ಮುಂದಿನ ದಿನಗಳ ಧೂಳು ಬೀಳುವುದಿಲ್ಲ. ಉಳಿದವರು ಬಜೆಟ್ಟು ಮಂಡಿಸಬೇಕು, ಬದಲಿ ಆದೇಶಕ್ಕೆ ಸಹಿ ಹಾಕಬೇಕು, ತಮ್ಮವರಿಗೇ ಇಲ್ಲ ಅನ್ನಬೇಕು. ಉಳಿದವರನ್ನು ಹುತಾತ್ಮರ ಪಕ್ಕದಲ್ಲಿಟ್ಟು ಅಳೆಯುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಅವರನ್ನು ಅವರ ಕೆಲಸದಿಂದಲೇ ಅಳೆಯಬೇಕು.

1946ರಿಂದ 1954ರವರೆಗೆ ನಿಜಲಿಂಗಪ್ಪನವರು ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರು. ಸಂವಿಧಾನ ಸಭೆಯ ಸದಸ್ಯರೂ ಆಗಿದ್ದರು; 1952ರಲ್ಲಿ ಚಿತ್ರದುರ್ಗದಿಂದ ಮೊದಲ ಲೋಕಸಭೆಗೆ ಆರಿಸಿಬಂದರು. ಈ ಎಂಟು ವರ್ಷ ಅವರ ಜೀವನದ ಅತ್ಯಂತ ಇಕ್ಕಟ್ಟಿನ ಕಾಲವೆಂದು ನನ್ನ ಎಣಿಕೆ. ಸ್ವಾತಂತ್ರ್ಯ ಬಂದೊಡನೆ ಭಾಷಾವಾರು ಪ್ರಾಂತ ಬರುತ್ತದೆಂದು ಕಾಂಗ್ರೆಸ್ಸು ಕಾಲು ಶತಮಾನ ಭರವಸೆ ಕೊಟ್ಟಿತ್ತು. ಬಂದ ಮೇಲೆ ಅದೇ ಕಾಂಗ್ರೆಸ್ಸು ಹಿಂಜರಿಯಿತು. 1948ರ ದರ್ ಆಯೋಗ ಭಾಷಾವಾರು ರಚನೆ ಬೇಡವೆಂದಿತು. ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಮೂವರ ಸಮಿತಿ 1949ರಲ್ಲಿ, ಸದ್ಯಕ್ಕೆ ತಡೆಯಿರಿ ಎಂದಿತು. ದೇಶವಿಭಜನೆಯ ಗಾಯ ಹಸಿಯಾಗಿದ್ದ ಕಾಲ, ಅವರ ಅಂಜಿಕೆ ಸುಳ್ಳಾಗಿರಲಿಲ್ಲ. ಆದರೆ ಹುಬ್ಬಳ್ಳಿ ಧಾರವಾಡದ ಜನರಿಗೆ ಈ ಉತ್ತರ ಸಾಲಲಿಲ್ಲ.

1953ರ ವಸಂತದಲ್ಲಿ ಅದು ಸಿಡಿಯಿತು. ಹುಬ್ಬಳ್ಳಿಯ ಬಳಿಯ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸ ಕುಳಿತರು. ಏಪ್ರಿಲ್ 19ರಂದು ಪ್ರದೇಶ ಕಾಂಗ್ರೆಸ್ ಸಮಿತಿಯ ಸಭೆ ಹುಬ್ಬಳ್ಳಿಯಲ್ಲಿ ನಡೆದಾಗ ನೆರೆದ ಜನಸಮೂಹದ ಸಿಟ್ಟು ಗಲಭೆಗೆ ತಿರುಗಿತು. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಮುಂಬಯಿ ವಿಧಾನಸಭೆಯ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಹೊರಬಂದರು. ಅಖಂಡ ಕರ್ನಾಟಕ ರಾಜ್ಯ ನಿರ್ಮಾಣ ಪರಿಷತ್ತು ಹುಟ್ಟಿ ಸತ್ಯಾಗ್ರಹ ಹೂಡಿತು. ಸಮಿತಿಯ ಅಧ್ಯಕ್ಷರಾಗಿ ನಿಜಲಿಂಗಪ್ಪನವರು ನಿಂತದ್ದು ಎರಡು ಬೆಂಕಿಗಳ ನಡುವೆ. ದಿಲ್ಲಿಗೆ ಅವರು ಒತ್ತಾಯ ಮಾಡುವ ಪ್ರಾಂತೀಯ ನಾಯಕ. ಹುಬ್ಬಳ್ಳಿಗೆ ಅವರು ದಿಲ್ಲಿಯ ಮಾತು ಕೇಳುವ ಮೆತ್ತಗಿನ ನಾಯಕ. ದೊಡ್ಡಮೇಟಿಯವರ ರಾಜೀನಾಮೆ ಚಳವಳಿಗೆ ನೈತಿಕ ಬಲ ತುಂಬಿತು, ಅದರಲ್ಲಿ ಸಂದೇಹವಿಲ್ಲ. ಆದರೆ ಎಲ್ಲರೂ ಹೊರಗೆ ಬಂದಿದ್ದರೆ ಒಳಗೆ ವಾದಿಸುವವರು ಯಾರು? ಬೀದಿಯ ಸಿಟ್ಟು, ಸಮಿತಿಯ ವಾದ ಇವೆರಡೂ ಇಲ್ಲದೆ ರಾಜ್ಯ ಬರುತ್ತಿರಲಿಲ್ಲ. ಇತಿಹಾಸ ಬರೆಯುವಾಗ ಮೊದಲನೆಯದಕ್ಕೆ ಸಿಕ್ಕ ಜಾಗ ಎರಡನೆಯದಕ್ಕೆ ಸಿಕ್ಕಿಲ್ಲ.

ಅದೇ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಬಂದವು, ಅವುಗಳೊಂದಿಗೆ ಹರಪನಹಳ್ಳಿಯೂ. ಡಿಸೆಂಬರ್‌ನಲ್ಲಿ ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗದ ನೇಮಕ, 1955ರ ಸೆಪ್ಟೆಂಬರ್‌ನಲ್ಲಿ ವರದಿ. ಇನ್ನು ಉಳಿದದ್ದು ಹಳೆಯ ಮೈಸೂರಿನ ಅನುಮಾನ. ಕೂಡಿದರೆ ಬಡ ಜಿಲ್ಲೆಗಳ ಹೊರೆ ತಮ್ಮ ಮೇಲೆ ಬೀಳುತ್ತದೆ, ಜಾತಿಗಳ ಬಲಾಬಲ ಬದಲಾಗುತ್ತದೆ ಎಂಬ ಅಂಜಿಕೆ ಅಲ್ಲಿಯ ಅನೇಕರಿಗೆ ಇತ್ತು. ಆ ಅಂಜಿಕೆಗೆ ಎದುರಾಗಿ ನಿಂತ ಕೆಂಗಲ್ ಹನುಮಂತಯ್ಯ, ಕುವೆಂಪು ಅವರ ಋಣ ಉತ್ತರದ ನಾವು ಸದಾ ನೆನೆಯಬೇಕಾದದ್ದು. ಜಯಚಾಮರಾಜ ಒಡೆಯರೂ ಏಕೀಕರಣದ ಪರವಾಗಿದ್ದರು.

1956ರ ನವೆಂಬರ್ 1ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಬೆಂಗಳೂರಿನಲ್ಲಿ ಹೊಸ ರಾಜ್ಯವನ್ನು ಉದ್ಘಾಟಿಸಿದರು. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದರು. ಸಾಮಾನ್ಯವಾಗಿ ಏಕೀಕರಣದ ಕತೆ ಇಲ್ಲಿಗೆ ಮುಗಿಯುತ್ತದೆ. ನನ್ನ ದೃಷ್ಟಿಯಲ್ಲಿ ನಿಜವಾದ ಕತೆ ಇಲ್ಲಿಂದ ಆರಂಭ.

ಆ ದಿನ ಅವರ ಕೈಗೆ ಬಂದದ್ದು 19 ಜಿಲ್ಲೆಗಳು, ಐದು ಆಡಳಿತಗಳು. ಹಳೆಯ ಮೈಸೂರು, ಮುಂಬಯಿಯಿಂದ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ, ಹೈದರಾಬಾದಿನಿಂದ ಗುಲ್ಬರ್ಗ, ರಾಯಚೂರು, ಬೀದರ, ಮದರಾಸಿನಿಂದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ತಾನೇ ಒಂದು ಪುಟ್ಟ ರಾಜ್ಯವಾಗಿದ್ದ ಕೊಡಗು. ಧಾರವಾಡದ ಗೇಣಿದಾರನಿಗೆ 1948ರ ಮುಂಬಯಿ ಕಾಯಿದೆಯ ರಕ್ಷಣೆ, ರಾಯಚೂರಿನವನಿಗೆ 1950ರ ಹೈದರಾಬಾದು ಕಾಯಿದೆ, ಮಂಡ್ಯದವನಿಗೆ ಬೇರೊಂದು ನಿಯಮ. ನಿಜಾಮನ ಸೀಮೆಯಲ್ಲಿ ಉರ್ದುವಿನ ಕಡತ, ಇಲ್ಲಿ ಮರಾಠಿಯ ಮೋಡಿ ಕಾಗದಗಳು, ದಕ್ಷಿಣದಲ್ಲಿ ಇಂಗ್ಲಿಷು. ಐದು ಕಡೆಯ ನೌಕರರಿಗೆ ಐದು ಸಂಬಳದ ಶ್ರೇಣಿ. ಮುಂಬಯಿಯಲ್ಲಿ ಹತ್ತು ವರ್ಷ ದುಡಿದ ಗುಮಾಸ್ತ ಮೈಸೂರಿನ ಯಾವ ಹುದ್ದೆಗೆ ಸಮ? ಯಾರು ಯಾರಿಗಿಂತ ಹಿರಿಯ? ಈ ಪ್ರಶ್ನೆ ಕೇಳುವುದಕ್ಕೆ ಸಣ್ಣದು. ಅದರ ಮೇಲೆ ಸಾವಿರಾರು ಮನೆಗಳ ಅನ್ನ ನಿಂತಿತ್ತು. ನೌಕರರ ಅಹವಾಲು, ಕೋರ್ಟು ಖಟ್ಲೆಗಳು ವರ್ಷಾನುವರ್ಷ ನಡೆದವು. ಅಪ್ಪಣೆ ಹೊರಡಿಸಿ ಒಂದೇ ದಿನ ಬಗೆಹರಿಸಿದ್ದರೆ ಒಂದು ಭಾಗ ಗೆದ್ದೆನೆಂದೂ ಇನ್ನೊಂದು ಸೋತೆನೆಂದೂ ತಿಳಿಯುತ್ತಿತ್ತು. ಮೆಲ್ಲಗೆ ಸಾಗಿದ ಕಾರಣಕ್ಕೆ ಟೀಕೆ ಬಂತು. ಮೆಲ್ಲಗೆ ಸಾಗಿದ ಕಾರಣಕ್ಕೇ ರಾಜ್ಯ ಉಳಿಯಿತು.

ರಾಜಕೀಯ ಬೆಂಬಲ ಮಾತ್ರ ಉಳಿಯಲಿಲ್ಲ. 1958ರ ಮೇ ತಿಂಗಳಲ್ಲಿ ಸ್ವಪಕ್ಷದ ಭಿನ್ನಮತದಿಂದ ಅವರು ಕೆಳಗಿಳಿದರು, ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಯಾದರು. 1962ರ ಚುನಾವಣೆಯಲ್ಲಿ ಹೊಸದುರ್ಗದಲ್ಲಿ ನಿಜಲಿಂಗಪ್ಪನವರು ಸೋತರು. ತಮ್ಮ ಸೀಮೆಯಲ್ಲೇ ಸೋಲು. ಎಸ್.ಆರ್. ಕಂಠಿಯವರು ಕೆಲವು ತಿಂಗಳು ಆಡಳಿತ ನಡೆಸಿ ದಾರಿ ಬಿಟ್ಟರು, ಬಾಗಲಕೋಟೆಯಿಂದ ನಿಜಲಿಂಗಪ್ಪನವರು ವಿಧಾನಸಭೆಗೆ ಬಂದು ಜೂನ್‌ನಲ್ಲಿ ಮತ್ತೆ ಮುಖ್ಯಮಂತ್ರಿಯಾದರು. 1967ರಲ್ಲಿ ಅವರನ್ನು ಆರಿಸಿ ಕಳಿಸಿದ್ದು ನಮ್ಮ ಶಿಗ್ಗಾವಿ. ಹಳೆಯ ಮೈಸೂರಿನಲ್ಲಿ ಬೆಳೆದವರನ್ನು ಹಳೆಯ ಮುಂಬಯಿಯ ಎರಡು ಕ್ಷೇತ್ರಗಳು ತಮ್ಮವರೆಂದು ಒಪ್ಪಿಕೊಂಡವು. ಏಕೀಕರಣ ಜನರ ಮನಸ್ಸಿಗೆ ಇಳಿದಿತ್ತು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ತೋಚುವುದಿಲ್ಲ.

1962ರಿಂದ 1968ರವರೆಗಿನ ಎರಡನೆಯ ಅವಧಿಯಲ್ಲಿ ಏಕರೂಪದ ಕಾಯಿದೆಗಳು ನೆಲಕ್ಕೆ ಬಂದವು. 1961ರಲ್ಲಿ ಅಂಗೀಕಾರವಾದ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ 1963ರ ಫೆಬ್ರುವರಿ 1ರಿಂದ ಜಾರಿಯಾಯಿತು. ಹಳ್ಳಿಯ ಮಟ್ಟದಲ್ಲಿ ಇದರಷ್ಟು ದೊಡ್ಡ ಬದಲಾವಣೆ ಆ ದಶಕದಲ್ಲಿ ಬೇರೆ ಇಲ್ಲ. ವಂಶಪಾರಂಪರ್ಯದ ಗೌಡಕಿ, ಕುಲಕರ್ಣಿಕೆ, ಶಾನುಭೋಗಿಕೆಗಳು ಹೋದವು. ವತನದ ಹೊಲಗಳ ಸ್ಥಿತಿ ಬದಲಾಯಿತು, ದಪ್ತರಗಳು ಸಂಬಳದ ಗ್ರಾಮಲೆಕ್ಕಿಗನ ಕೈಗೆ ಬಂದವು. ಊರಿನ ಉತಾರ ಯಾರ ಮನೆಯ ಸಂದೂಕದಲ್ಲಿದೆ ಎಂಬುದರ ಮೇಲೆ ಬಡವನ ಹೊಲದ ಭವಿಷ್ಯ ನಿಂತಿದ್ದ ಕಾಲವನ್ನು ಇಲ್ಲಿಯ ಹಿರಿಯರು ಬಲ್ಲರು. 1964ರ ಏಪ್ರಿಲ್ 1ರಿಂದ ಇಡೀ ರಾಜ್ಯಕ್ಕೆ ಒಂದೇ ಭೂಕಂದಾಯ ಕಾಯಿದೆ ಬಂತು. 1963ರ ರಾಜಭಾಷಾ ಕಾಯಿದೆಯಿಂದ ಕನ್ನಡಕ್ಕೆ ಆಡಳಿತದಲ್ಲಿ ಕಾನೂನಿನ ಸ್ಥಾನ ಸಿಕ್ಕಿತು. 1964ರಲ್ಲಿ ಕೃಷಿ ವಿಶ್ವವಿದ್ಯಾಲಯ. ಅದೇ ವರ್ಷ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆಯ ಅಡಿಗಲ್ಲು ಇಟ್ಟರು. ಲಿಂಗನಮಕ್ಕಿ ಆಣೆಕಟ್ಟು ಮುಗಿದು ಶರಾವತಿಯ ವಿದ್ಯುತ್ತು ರಾಜ್ಯದ ಬೆನ್ನೆಲುಬಾಯಿತು. ಅದಕ್ಕಾಗಿ ಊರು ಮುಳುಗಿಸಿಕೊಂಡವರ ಸಂಕಟ ಇಂದಿಗೂ ತೀರಿಲ್ಲವೆಂಬುದನ್ನೂ ಇದರೊಟ್ಟಿಗೇ ಹೇಳಬೇಕು.

ಇನ್ನು ಮಿತಿಗಳು. ಗೌರವದಿಂದ, ಆದರೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಅವರ ಕಾಲದಲ್ಲಿ ಬರಲಿಲ್ಲ. ದೊಡ್ಡಮೇಟಿಯವರಂಥವರು ಪಟ್ಟು ಹಿಡಿದರೂ ಮೈಸೂರು ಎಂಬ ಹೆಸರೇ 1973ರವರೆಗೆ ನಡೆಯಿತು. ದಕ್ಷಿಣದವರ ಮನಸ್ಸು ನೋಯಬಾರದೆಂಬ ಎಚ್ಚರ ಇದರ ಹಿಂದೆ ಇತ್ತು. 1956ರಲ್ಲಿ ಆ ಎಚ್ಚರ ಸರಿ. 1966ರಲ್ಲಿಯೂ ಅದನ್ನೇ ಮುಂದುವರಿಸಿದ್ದು ಅತಿಯಾಯಿತೆಂದು ನನ್ನ ಅಭಿಪ್ರಾಯ. ಗಡಿಯ ವಿಷಯದಲ್ಲಿ 1966ರ ಮಹಾಜನ ಆಯೋಗಕ್ಕೆ ಅವರು ಒಪ್ಪಿದರು. 1967ರ ವರದಿ ಬೆಳಗಾವಿಯನ್ನು ನಮಗೇ ಉಳಿಸಿತು, ಕಾಸರಗೋಡು ನಮಗೆ ಬರಬೇಕೆಂದಿತು. ಆಯೋಗ ಬೇಕೆಂದು ಕೇಳಿದ ಮಹಾರಾಷ್ಟ್ರವೇ ವರದಿಯನ್ನು ಒಪ್ಪಲಿಲ್ಲ, ಕೇರಳವೂ ಒಪ್ಪಲಿಲ್ಲ. ಮುಗಿದ ಗಡಿಯನ್ನು ಮತ್ತೆ ಪ್ರಶ್ನೆಗೆ ಒಡ್ಡಿದರೆಂದು ಟೀಕಿಸುವವರಿದ್ದಾರೆ. ನಾನು ಆ ಟೀಕೆಯ ಜೊತೆ ಇಲ್ಲ. ನ್ಯಾಯಾಧೀಶರ ಮುಂದೆ ಹೋಗಲು ಹೆದರದ ಪಕ್ಷಕ್ಕೆ ನೈತಿಕ ಬಲ ಇರುತ್ತದೆ, ಕರ್ನಾಟಕ ಇಂದಿಗೂ ಆ ಬಲದ ಮೇಲೆ ವಾದಿಸುತ್ತಿದೆ.

ಭೂಮಿ ಮತ್ತು ಜಾತಿಯ ವಿಷಯದಲ್ಲಿ ಮಿತಿ ಇನ್ನೂ ಆಳ. 1961ರ ಭೂಸುಧಾರಣಾ ಕಾಯಿದೆ 1965ರಲ್ಲಿ ಜಾರಿಗೆ ಬಂದರೂ ಉಳುವವನಿಗೆ ದಕ್ಕಿದ್ದು ಅಲ್ಪ. ಅವರ ಪಕ್ಷವನ್ನು ಹಳ್ಳಿಗಳಲ್ಲಿ ಹಿಡಿದು ನಿಲ್ಲಿಸಿದ್ದವರು ಭೂಮಿಯುಳ್ಳವರೇ. ಎಲ್ಲರನ್ನೂ ಕೂಡಿಸಿಕೊಂಡು ಹೋಗಬೇಕೆಂಬ ನೀತಿಯಲ್ಲಿ, ಮೊದಲೇ ಬಲವಿದ್ದವರು ಹೆಚ್ಚು ಕೂಡಿಕೊಂಡರು. ಹಿಂದುಳಿದ ವರ್ಗಗಳಿಗಾಗಿ ಅವರ ಸರಕಾರ ಪ್ರಯತ್ನಿಸಲಿಲ್ಲವೆಂದಲ್ಲ. 1962ರ ಜುಲೈ 31ರ ಆದೇಶದಿಂದ ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇಕಡಾ 68 ಸ್ಥಾನ ಮೀಸಲಾದವು. ಸುಪ್ರೀಂ ಕೋರ್ಟು ಸೆಪ್ಟೆಂಬರ್‌ನಲ್ಲಿ ಬಾಲಾಜಿ ಪ್ರಕರಣದಲ್ಲಿ ಅದನ್ನು ತಳ್ಳಿಹಾಕಿತು: ಪ್ರಮಾಣ ಅತಿ, ಜಾತಿಯೊಂದೇ ಅಳತೆಗೋಲಾಗದು. ಆ ತೀರ್ಪಿನ ಬಳಿಕ ಹಿಂದುಳಿದವರು ಯಾರೆಂದು ಊರೂರಿನ ಅಂಕಿಅಂಶ ಕೂಡಿಸಿ ಹೊಸದಾಗಿ ಶೋಧಿಸಬೇಕಿತ್ತು. ಆ ಶ್ರಮಕ್ಕೆ ಸರಕಾರ ಕೈಹಾಕಲಿಲ್ಲ. ಇದು ಅವರ ಆಡಳಿತದ ಮೇಲೆ ನಾನು ಹೊರಿಸುವ ದೊಡ್ಡ ಆಕ್ಷೇಪ.

1968ರಲ್ಲಿ ಅವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು, ಮೇ ತಿಂಗಳಲ್ಲಿ ರಾಜ್ಯವನ್ನು ವೀರೇಂದ್ರ ಪಾಟೀಲರಿಗೆ ಒಪ್ಪಿಸಿದರು. ಮುಂದಿನದು ದೇಶಕ್ಕೆಲ್ಲ ತಿಳಿದ ವಿಷಯ. ರಾಷ್ಟ್ರಪತಿ ಚುನಾವಣೆಯಲ್ಲಿ ಪಕ್ಷದ ಅಭ್ಯರ್ಥಿ ಸಂಜೀವ ರೆಡ್ಡಿಯವರು ಸೋತು ವಿ.ವಿ. ಗಿರಿಯವರು ಗೆದ್ದರು. 1969ರ ನವೆಂಬರ್ 12ರಂದು ಪ್ರಧಾನಿ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು, ಕಾಂಗ್ರೆಸ್ಸು ಒಡೆಯಿತು. ಸಮಿತಿ, ಠರಾವು, ಶಿಸ್ತು ಇವುಗಳಲ್ಲಿ ಬೆಳೆದ ಮನುಷ್ಯ ಪಕ್ಷದ ನಿಯಮವನ್ನು ಹಿಡಿದು ನಿಂತರು. ನಿಯಮ ಅವರ ಕಡೆ ಇತ್ತು, ಜನ ಇರಲಿಲ್ಲ. ಬ್ಯಾಂಕು ರಾಷ್ಟ್ರೀಕರಣದಿಂದ ಬಡವರಲ್ಲಿ ಎದ್ದ ಆಸೆಯ ಅಲೆಯನ್ನು ಅವರು ಕಡಿಮೆ ಅಳೆದರು. ತುರುವನೂರಿನಲ್ಲಿ ರೈತನ ಕೈಯ ಕೊಡಲಿಗೆ ರಾಜಕೀಯ ಅರ್ಥ ಕೊಟ್ಟವರು, ಮೂವತ್ತು ವರ್ಷದ ಮೇಲೆ ಅದೇ ರೈತನ ಮಗನ ಅಪೇಕ್ಷೆಗೆ ಮಾತು ಕೊಡಲಾರದೆ ಹೋದರು. ಸಂಸ್ಥೆಯಲ್ಲಿ ಪಡೆದ ಶಿಕ್ಷಣದ ಬಲವೂ ಸಾಲದಿಕೆಯೂ ಈ ಘಟ್ಟದಲ್ಲಿ ಒಟ್ಟಿಗೆ ಕಾಣುತ್ತವೆ. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಇಂದಿರಾ ಅವರ ಕಾಂಗ್ರೆಸ್ಸಿಗೆ ಹೋದವು.

ಬಳಿಕ ಅವರು ಚಿತ್ರದುರ್ಗದಲ್ಲಿ ನೆಲೆಸಿ, 2000ದ ಆಗಸ್ಟ್ 8ರಂದು ತೀರಿಕೊಳ್ಳುವವರೆಗೆ ದೀರ್ಘಕಾಲ ಬಾಳಿದರು. ಅಧಿಕಾರ ಬಿಟ್ಟ ಮೇಲೆ ಅವರ ಬದುಕಿನ ಸರಳತೆಯನ್ನು ವಿರೋಧಿಗಳೂ ಅಲ್ಲಗಳೆಯಲಿಲ್ಲ.

ಅವರ ಪಕ್ಷವನ್ನು ಸೋಲಿಸಿದ ದೇವರಾಜ ಅರಸರ ಸರಕಾರ 1972ರಲ್ಲಿ ಮೊದಲ ಹಿಂದುಳಿದ ವರ್ಗಗಳ ಆಯೋಗವನ್ನು ನೇಮಿಸಿತು. ಬಾಲಾಜಿ ತೀರ್ಪಿನ ಮುಂದೆ ನಿಂತುಹೋಗಿದ್ದ ಶೋಧವನ್ನು ಆ ಆಯೋಗ ಕೈಗೆತ್ತಿಕೊಂಡು 1975ರಲ್ಲಿ ವರದಿ ಒಪ್ಪಿಸಿತು. ಏಕೀಕರಣ ಕೂಡಿಸಿದ ಐದೂ ಸೀಮೆಗಳ ಜಾತಿಗಳನ್ನು ಒಂದೇ ಲೆಕ್ಕದಲ್ಲಿ ಇಟ್ಟು ನೋಡಲು ಅಷ್ಟರಲ್ಲಿ ಒಂದೇ ಆಡಳಿತ ಸಿದ್ಧವಾಗಿತ್ತು. ಆ ಆಯೋಗದ ಅಧ್ಯಕ್ಷರು ಎಲ್.ಜಿ. ಹಾವನೂರರು; ಹುಟ್ಟಿದ್ದು ರಾಣೇಬೆನ್ನೂರಿನಲ್ಲಿ.